ಎರಡು ದಿನದ ರಿಪೇರಿ

ಹೋದ ವಾರ ಅಂಗಡಿಯ ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂತು. ಅದಕ್ಕೆ ಕರೆಂಟ್ ಕೊಡುವ ಡಬ್ಬ, ಎಸ್‌ಎಂಪಿಎಸ್, ಹೋಗಿತ್ತು. ಕಿಟಕಿ ತೆರೆಯಬೇಕಾದವಳು ಆ ವಾಸನೆ ಮೂಸುತ್ತ ನಿಂತುಬಿಟ್ಟೆ. ಪಕ್ಕದಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದ ರೇಡಿಯೋ ಮಾಮ ನೆನಪಾದರು...

ಹೊಳಲ್ಕೆರೆಯ ತಾಲ್ಲೂಕು ಕಚೇರಿ ಎದುರು ನಾನು ಟೈಪಿಂಗ್ ಅಂಗಡಿ ಇಟ್ಟ ಹೊಸತು. ಗಂಡ ತೀರಿಕೊಂಡು ವರ್ಷವಾಗಿತ್ತು. ನಾನು ಅಂಗಡಿಯಲ್ಲಿ ಕೂರುವುದು ಮಾವನವರಿಗೆ ಸುತರಾಂ ಇಷ್ಟವಿರಲಿಲ್ಲ. ಮಿಷನ್ ರಿಪೇರಿಯಾಗದಂತೆ ಕೆಟ್ಟ ದಿನ ಬಾಗಿಲು ಹಾಕಿ ಮನೆ ಸೇರಬೇಕು ಎಂದು ಮಾತು ತೆಗೆದುಕೊಂಡಿದ್ದರು. ಯಾವುದೋ ಆಫೀಸು ಬಿಸಾಕಿದ್ದ ಕಂಪ್ಯೂಟರು ಅದು; ಆರೇ ತಿಂಗಳಿಗೆ ಎಸ್‌ಎಂಪಿಎಸ್ ಸುಟ್ಟಿತು. ಕಂಪ್ಯೂಟರ್ ಮಾಡಿದ ಕಂಪನಿಯದೇ ಬೇಕು, ಅದು ಈಗ ಬರುವುದಿಲ್ಲ ಎಂದರು ದುರ್ಗದ ಅಂಗಡಿಯವರು. ಹಟಕ್ಕೆ ಬಿದ್ದು ಸಾಮಾನ್ಯದ್ದೊಂದು ತಂದೆ. ಡಬ್ಬ ಒಳಗೆ ಹಿಡಿಸಲಿಲ್ಲ, ಆದರೆ ಅದರ ಪ್ಲಗ್ಗು ಒಳಗಿನ ಬೋರ್ಡಿನಲ್ಲಿ ಸಲೀಸಾಗಿ ಕೂತಿತು. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾಮ ಚಹಾದ ಲೋಟ ಕೆಳಗಿಟ್ಟು ವೈರನ್ನೇ ಕಿತ್ತರು.

“ತಡಿಯವ್ವ. ಪ್ಲಗ್ಗು ಕುಂತೈತೆ ಅಂತ ನಂಬಬ್ಯಾಡ.”

ಆಮೇಲೆ ಗೊತ್ತಾಯಿತು, ಕಂಪನಿಯವರು ಪ್ಲಗ್ಗನ್ನು ಎಲ್ಲರಂತೆಯೇ ಮಾಡಿ, ವೈರುಗಳ ಸಾಲನ್ನು ಮಾತ್ರ ಅದಲುಬದಲು ಮಾಡಿದ್ದರಂತೆ. ಸ್ವಿಚ್ ಹಾಕಿದ್ದರೆ ಒಳಗಿನ ಬೋರ್ಡೇ ಹೋಗುತ್ತಿತ್ತು. ಮಾಮನೋ, ರೇಡಿಯೋ ಟಿವಿ ಬಿಟ್ಟು ಕಂಪ್ಯೂಟರ್ ಬಿಚ್ಚಿದವರೇ ಅಲ್ಲ. ಸುಟ್ಟ ಡಬ್ಬವನ್ನು ಬಿಚ್ಚಿ, ಯಾವ ವೈರು ಎಲ್ಲಿಂದ ಹೊರಟಿದೆ ಎಂದು ಹುಡುಕಿ, ಹಳೆಯ ಲಗ್ನಪತ್ರಿಕೆಯ ಹಿಂದೆ ಬರೆದುಕೊಳ್ಳುತ್ತ ಕೂತರು. ಒಂದೊಂದು ವೈರಿಗೂ ಮೂರು ಮೂರು ಸಲ ಮೀಟರು ಹಿಡಿದು ನೋಡಿದರು. ಒಂದು ದಿನ ಹೋಯಿತು. ಮಾವನವರು ಎರಡು ಬಾರಿ ಇಣುಕಿ ಹೋದರು. ನನ್ನ ಬಾಯಿ ಮೊದಲೇ ಸರಿಯಿಲ್ಲ. ಮರುದಿನ ಮಧ್ಯಾಹ್ನ ತಡೆಯಲಾಗಲಿಲ್ಲ.

“ಕೈಲಿ ಆಗಲ್ಲ ಅಂದ್ರೆ ಹೇಳಿಬಿಡ್ರಿ ಮಾಮ. ವಯಸ್ಸಾತು ನಿಮಗೆ.”

ಅವರು ತಲೆ ಎತ್ತಲಿಲ್ಲ. “ಹಿಂದೊಂದ್ಸಲ ಹಿಂಗೇ ನಂಬಿ ಒಬ್ಬರ ಟಿವಿ ಸುಟ್ಟೆ. ಅವರು ಬೈಲಿಲ್ಲ. ಬೈದಿದ್ರೆ ಮರ್ತುಬಿಡ್ತಿದ್ದೆ,” ಎಂದರು.

ಹೊಸ ಡಬ್ಬದ ವೈರುಗಳನ್ನು ಹಳೆಯದರ ಸಾಲಿನಂತೆ ಜೋಡಿಸಿದ ಮೇಲೆ, ಸಂಜೆ ಕಂಪ್ಯೂಟರ್ ಆನ್ ಆಯಿತು. ಹೊಸ ಡಬ್ಬ ಹೊರಗೆ, ಮಣೆಯ ಮೇಲೆ ಕೂತಿತ್ತು. ಮಾವನವರು ಬಂದು ನೋಡಿ, ಮನೆಗೆ ಹೊರಟರು. ಅಂಗಡಿ ಉಳಿಯಿತು, ಇಂದಿಗೂ ಅದರಲ್ಲೇ ನನ್ನ ಅನ್ನ. ಹಬ್ಬಕ್ಕೆ ಮಾಮನಿಗೆ ಹೋಳಿಗೆ ಕೊಟ್ಟೆ, ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಪಕ್ಕದಲ್ಲೇ ಇದ್ದಾರಲ್ಲ, ಯಾವತ್ತಾದರೂ ಅಂದರಾಯಿತು ಎಂದುಕೊಂಡೆ... ಒಂದು ಸೋಮವಾರ ಅವರ ಅಂಗಡಿಯ ಬಾಗಿಲು ತೆರೆಯಲೇ ಇಲ್ಲ. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಮೊನ್ನೆ ಹೊಸ ಮೆಕ್ಯಾನಿಕ್ ಬಂದಿದ್ದ. ಈಗಿನ ಕಂಪ್ಯೂಟರಿಗೆ ಅಂಗಡಿಯಲ್ಲಿ ಸಿಗುವ ಡಬ್ಬವೇ ಹೊಂದುತ್ತದೆ. ಹತ್ತು ನಿಮಿಷದಲ್ಲಿ ಕೂರಿಸಿ, ಸ್ವಿಚ್ ಒತ್ತಿ, ಆಯ್ತಕ್ಕ ಎಂದು ಹೊರಟ. ಖುಷಿಪಡಬೇಕಾದವಳು ಅತ್ತುಬಿಟ್ಟೆ. ಆ ಎರಡು ದಿನ ಮತ್ತೆ ಸಿಕ್ಕರೆ ಮಾಮ ಇನ್ನೂ ನಾಲ್ಕು ದಿನ ತೆಗೆದುಕೊಳ್ಳಲಿ, ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿರುತ್ತೇನೆ.