ಒಂದು ಗೇಣು ಸಾಗವಾನಿ

ಇಂಗ್ಲೆಂಡಿನ ಕ್ರೋಯ್ಡನ್‌ನ ನಮ್ಮ ಫ್ಲ್ಯಾಟಿಗೆ ಅಜ್ಜ ಬಂದದ್ದು ತೊಂಬತ್ತಮೂರರ ಬೇಸಿಗೆಯಲ್ಲಿ. ಎಂಬತ್ತೈದು ದಾಟಿದ್ದರೂ ಮೊಮ್ಮಗಳ ಮನೆ ನೋಡಲೇಬೇಕೆಂದು ಹಟ ಹಿಡಿದು ಧಾರವಾಡದಿಂದ ಹೊರಟವರು. ಬಂದು ಮಾಡಿದ್ದೇನು? ನಮ್ಮ ಹೊಸ ಊಟದ ಟೇಬಲ್ಲನ್ನು ಉಗುರಿನಿಂದ ಕೆರೆದು, "ಇದು ಮರ ಅಲ್ಲವ್ವಾ, ಮರದ ಪುಡಿಗೆ ಅಂಟು ಹಾಕ್ಯಾರ," ಎಂದರು. ನನಗೆ ಮೈಯೆಲ್ಲ ಉರಿಯಿತು.

ಅಜ್ಜ ಹರೆಯದಲ್ಲಿ, ಇಂಗ್ಲಿಷರ ಕಾಲದಲ್ಲಿ, ಫಾರೆಸ್ಟ್ ಸ್ಕೂಲಿನಲ್ಲಿ ಕಲಿತು ದಾಂಡೇಲಿಯ ಕಾಡಿನಲ್ಲಿ ರೇಂಜರ್ ಆಗಿದ್ದವರು. ಮರದ ತುಂಡನ್ನು ಮೂಸಿ, ಕೈಯಲ್ಲಿ ತೂಗಿ ಹೆಸರು ಹೇಳುವ ಪರೀಕ್ಷೆಯಲ್ಲಿ ಅವರೇ ಮೊದಲಂತೆ. ಆ ಕಥೆ ಕೇಳಿ ಕೇಳಿ ನಮಗೆ ಚಿಕ್ಕಂದಿನಲ್ಲೇ ಸಾಕಾಗಿತ್ತು. ಆದರೆ ಇಲ್ಲಿ ಅವರು ಬೇರೆಯದೇ ಹೇಳತೊಡಗಿದರು. ಸ್ಕೂಲಿನಲ್ಲಿ ಕಲಿಸಿದ್ದು ಒಂದೇ: ಸಾಗವಾನಿ ಬೆಳೆಯಬೇಕು, ಇಂಗ್ಲೆಂಡಿನ ಹಡಗು ಹತ್ತಬೇಕು. ಅದಕ್ಕೆಂದೇ ಅಜ್ಜ, ಸಾಗವಾನಿಗೆ ಬಿಸಿಲು ತಪ್ಪಿಸುತ್ತಿದ್ದ ಮತ್ತಿ, ನಂದಿ ಮರಗಳಿಗೆ ಸುತ್ತ ತೊಗಟೆ ಕೆತ್ತಿಸಿ ನಿಂತಲ್ಲೇ ಒಣಗಿಸಿದ್ದರು. ಆಮೇಲೆ ಬರೀ ಸಾಗವಾನಿಯೇ ಉಳಿದ ಕಡೆ ಹುಳ ಬಿದ್ದು, ಎಲೆಗಳೆಲ್ಲ ಜಾಳಿಗೆಯಾದವಂತೆ.

"ಛಲೋ ಛಲೋ ಮರದ ಜೀವಾ ತಗದೇನಿ. ಯಾತಕ್ಕ ತಗದೆ, ಆ ಸಾಗವಾನಿ ಇಲ್ಲಿಗೆ ಬಂದು ಏನಾತು, ಒಮ್ಮೆ ನೋಡಬೇಕವ್ವಾ," ಎನ್ನುತ್ತಿದ್ದರು.

ನಮ್ಮ ಬೀದಿಯ ಕೊನೆಯಲ್ಲಿ ಹಳೆಯ ಶಾಲೆಯೊಂದರ ರಿಪೇರಿ ನಡೆದಿತ್ತು. ಮುಂದೆ ಸ್ಕಿಪ್ ನಿಲ್ಲಿಸಿದ್ದರು, ಒಡೆದದ್ದನ್ನೆಲ್ಲ ಎಸೆಯುವ ದೊಡ್ಡ ಕಬ್ಬಿಣದ ತೊಟ್ಟಿ. ಒಂದು ಮಧ್ಯಾಹ್ನ ನನ್ನ ಜೊತೆ ನಡೆಯುತ್ತಿದ್ದ ಅಜ್ಜ ಅದರ ಮುಂದೆ ನಿಂತುಬಿಟ್ಟರು. ಒಳಗೆ ಪ್ರಯೋಗಶಾಲೆಯ ಮುರಿದ ಮೇಜುಗಳು. ಮೇಲೆ ಆಸಿಡ್ ಕಲೆ, ಕೆಳಗೆ ಮಕ್ಕಳು ಅಂಟಿಸಿದ ಚ್ಯೂಯಿಂಗ್ ಗಮ್. ಹೆಬ್ಬೆರಳಿಗೆ ಎಂಜಲು ಹಚ್ಚಿ ಮುರಿದ ಅಂಚನ್ನು ತಿಕ್ಕಿ ಮೂಸಿದರು. ಕಣ್ಣಲ್ಲಿ ನೀರು ಬಂತು.

"ಸಾಗವಾನಿ. ನಮ್ಮ ಕಡೇದೋ ಬರ್ಮಾದ್ದೋ, ಮನ್ಯಾಗ ಕೂತು ನೋಡಿದರ ತಿಳೀತದ. ಒಂದ ಗೇಣು ತುಂಡು ಸಾಕು. ಕೇಳ್ಕೊಂಡು ಬಾರವ್ವಾ."

"ನಾಳೆ ಕೇಳ್ತೀನಿ ಅಜ್ಜಾ," ಎಂದು ಎಳೆದುಕೊಂಡು ಬಂದೆ.

ಮರುದಿನ ಹೋದೆ, ಸುಳ್ಳಲ್ಲ. ರಿಪೇರಿಯ ಬಡಗಿಯೊಬ್ಬ ಶಾಲೆಯ ಗೇಟಿನ ಬಳಿ ಟೀ ಕುಡಿಯುತ್ತಿದ್ದ. ನನ್ನನ್ನು ನೋಡಿ ನಕ್ಕ ಕೂಡ. ಆದರೆ ಎದುರಿನ ಬಸ್ ಸ್ಟಾಪಿನಲ್ಲಿ ನಮ್ಮ ಕನ್ನಡದವರೇ, ಮೈಸೂರಿನ ಡಾಕ್ಟರೊಬ್ಬರ ಹೆಂಡತಿ, ನಿಂತು ಕೈ ಬೀಸಬೇಕೇ! ಕಸದ ತೊಟ್ಟಿಯ ಕಟ್ಟಿಗೆ ಬೇಡಿದಳಂತೆ ಎಂದು ಊರೆಲ್ಲ ಸುದ್ದಿಯಾಗುತ್ತದೆ ಎನ್ನಿಸಿತು. ನಾನೂ ಕೈ ಬೀಸಿ, ಅಂಗಡಿಗೇ ಬಂದವಳಂತೆ ಹಾಲು ಕೊಂಡು ಮನೆಗೆ ಬಂದೆ.

"ಕೇಳಿದೆ ಅಜ್ಜಾ. ಕೊಡೂದಿಲ್ಲಂತ."

ಅಜ್ಜ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹಳ್ಳಿ ಹೆಣ್ಣಮಕ್ಕಳು ಬಂದು, ಬಿದ್ದ ಟೊಂಗಿ ಒಯ್ಯಲೇನ್ರಿ ಅಂತ ನನ್ನ ಕೇಳತಿದ್ರು. ದೊಡ್ಡ ಸಾಹೇಬ್ರನ್ನ ಕೇಳಿ ಹೇಳತೀನಿ ಅಂತಿದ್ದೆ. ಮರುದಿನ, ಕೇಳಿದೆ, ಬ್ಯಾಡಂದ್ರು ಅಂತ ಹೇಳತಿದ್ದೆ. ಒಮ್ಮೆನೂ ಕೇಳಿರಲಿಲ್ಲವ್ವಾ."

ಆಮೇಲೆ ನನ್ನ ಕೈ ನೋಡಿ ಮೆಲ್ಲಗೆ ಅಂದರು, "ಹಾಲು ಮುಂಜಾನೇನ ತಂದಿದ್ದೆಲ್ಲ?"

ಆಗಲಾದರೂ ಓಡಬಹುದಿತ್ತು. ನಾಲ್ಕು ನಿಮಿಷದ ದಾರಿ. ನಾನು ಫ್ರಿಜ್ ತೆಗೆದು, ಬೆಳಗಿನ ಹಾಲಿನ ಪಕ್ಕದಲ್ಲಿ ಈ ಹಾಲನ್ನೂ ಇಟ್ಟೆ. ಮರುದಿನ ಸ್ಕಿಪ್ ಇರಲಿಲ್ಲ. ಅಜ್ಜ ಮತ್ತೆ ಆ ಮಾತೆತ್ತಲಿಲ್ಲ. ಧಾರವಾಡಕ್ಕೆ ಹಿಂತಿರುಗಿ ಮುಂದಿನ ವರ್ಷ ತೀರಿಕೊಂಡರು.

ಎರಡು ಸಾವಿರದ ಐದರಲ್ಲಿ ಹೌನ್ಸ್ಲೋದಲ್ಲಿ ಅಂಥದ್ದೇ ಮೇಜುಗಳು ತುಂಬಿದ ಸ್ಕಿಪ್ ಕಂಡಿತು. ನಿಂತು ಕೇಳಿದೆ. ಕೆಲಸದವನು ಗೇಣುದ್ದದ ತುಂಡು ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಕೊಟ್ಟ. ಕೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಮನೆಗೆ ತಂದು, ಎಂಜಲು ಹಚ್ಚಿ ತಿಕ್ಕಿ ಮೂಸಿದೆ. ನಮ್ಮ ಕಡೆಯದೋ ಬರ್ಮಾದ್ದೋ, ನನಗೇನು ತಿಳಿಯಬೇಕು.