ಇಡಿಯಾಗಿ ಹೊರಬಂದ ಗುಳಿಗೆ

ಚೆಂಬು ಹಿಡಿದು ಬಯಲಿಗೆ ಹೋಗಿ ಬಂದ ಸುದ್ದಿಯನ್ನು ಮರ್ಯಾದಸ್ಥರು ಬರೆಯುವುದಿಲ್ಲ. ನನಗೆ ಬೇರೆ ದಾರಿಯಿಲ್ಲ; ನನ್ನ ವೈದ್ಯ ಪಾಂಡಿತ್ಯ ಶುರುವಾದದ್ದೇ ಅಲ್ಲಿಂದ.

ಐದನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದು, ಸ್ವಂತ ದುಡಿಮೆಯಿಂದ ರಾಜೇಶ್ವರದಲ್ಲಿ ಹಿಟ್ಟಿನ ಗಿರಣಿ ಹಾಕಿದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಬಿ.ಪಿ. ಬಂತು. ಹುಮನಾಬಾದಿನ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದು, ಇಡಿಯಾಗಿ ನುಂಗಬೇಕೆಂದರು. ನುಂಗಿದೆ. ಮೂರನೆಯ ದಿನ ನೋಡಿದರೆ ಗುಳಿಗೆ ಹೋದ ಹಾಗೆಯೇ ಹೊರಬಂದು ಬಿದ್ದಿದೆ! ನನ್ನ ಗಿರಣಿಯಿಂದ ಒಂದು ಜೋಳದ ಕಾಳು ಹೀಗೆ ಇಡಿಯಾಗಿ ಬಿದ್ದರೆ ಗಿರಾಕಿಗಳು ನನ್ನ ವಂಶವನ್ನೇ ಜಾಲಾಡುತ್ತಾರೆ. ಓದಿದವರ ಕೆಲಸಕ್ಕೆ ಮಾತ್ರ ಕೇಳುವವರಿಲ್ಲ.

ಸರಿ, ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ನಾನೇ ಮುಗಿಸಿದೆ. ಮರುದಿನದ ಗುಳಿಗೆಯನ್ನು ಏಲಕ್ಕಿ ಕುಟ್ಟುವ ಕಲ್ಲಿನಲ್ಲಿ ನುಣ್ಣಗೆ ಪುಡಿ ಮಾಡಿದೆ.

"ಡಾಕ್ಟ್ರು ಇಡೀದು ನುಂಗ್ರಿ ಅಂದಾರ. ನಿಮ್ಮ ಹೊಟ್ಟಿ ಏನ್ ಗಿರಣಿ ಅದಾ?" ಎಂದಳು ಹೆಂಡತಿ.

"ಬೀಸೋದು ನನಗ ಕಲಿಸಬ್ಯಾಡ" ಎಂದು ಪುಡಿಯನ್ನು ನೀರಲ್ಲಿ ಕದಡಿ ಕುಡಿದೇಬಿಟ್ಟೆ.

ಸ್ವಲ್ಪ ಹೊತ್ತಿಗೆ ಗಿರಣಿಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ತಿರುಗುವ ಪಟ್ಟಾ ಒಂದೇ ಗೇಣು ದೂರ. ಹಿಟ್ಟಿಗೆ ಬಂದಿದ್ದವರು ಜೀಪಿನಲ್ಲಿ ಹಾಕಿ ಹುಮನಾಬಾದಿಗೆ ಒಯ್ದರು.

"ಕುಟ್ಟಿ ಕುಡದ್ರಾ? ಯಾಕ್ರಿ?" ಡಾಕ್ಟರು ಹಣೆ ಹಿಡಿದುಕೊಂಡರು.

"ಹ್ಯಾಂಗಿತ್ತೋ ಹಾಂಗ ಹೊರಗ ಬಂದಿತ್ರಿ. ಕೆಲಸಗಳ್ಳ ಗುಳಗಿ ಅಂದ್ಕೊಂಡೆ."

"ಅದು ಖಾಲಿ ಸಿಪ್ಪಿರಿ ಮಾಲಕ್ರ! ಇಡೀ ದಿನದ ಔಷಧ ಒಂದೇ ಸಲ ಸುರಕೊಂಡ್ರ ಬಿ.ಪಿ. ಇಳೀದೆ ಏನಾಗ್ತದ?"

ಆಮೇಲೆ ಪಾಠ ಹೇಳಿದರು. ಗುಳಿಗೆಯ ಸಿಪ್ಪೆ ನೀರನ್ನು ಒಳಗೆ ಬಿಡುತ್ತದೆ, ಔಷಧವನ್ನು ಹೊರಗೆ ಬಿಡುವುದಿಲ್ಲ. ಅದರೊಳಗೆ ಮೇಲೆ ಔಷಧ, ಕೆಳಗೆ ಉಬ್ಬುವ ಸರಕು. ನೀರು ಹೀರಿದ ಸರಕು ನೆನೆಹಾಕಿದ ಕಡಲೆಯಂತೆ ಉಬ್ಬಿ, ಸಿಪ್ಪೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಔಷಧವನ್ನು ಹೊರಗೆ ನೂಕುತ್ತದೆ, ಗಂಟೆಗಿಷ್ಟು ಎಂಬ ಲೆಕ್ಕದಲ್ಲಿ. ಕರೆಂಟಿಲ್ಲ, ಡೀಸೆಲ್ಲಿಲ್ಲ, ಸದ್ದೂ ಇಲ್ಲ. ಗಿರಣಿ ಇಟ್ಟವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಈಗ ದಿನಾ ಇಡಿಯಾಗಿಯೇ ನುಂಗುತ್ತೇನೆ. ಒಳಗೆ ಕೆಲಸ ನಡೆದಿದೆಯೋ ಇಲ್ಲವೋ ಎಂದು ಆಗಾಗ ಅನುಮಾನ ಬರುತ್ತದೆ. ಸಂಜೆಯವರೆಗೆ ನೆಟ್ಟಗೆ ನಿಂತಿರುತ್ತೇನಲ್ಲ, ನಡೆದಿರಲೇಬೇಕು. ನಾನು ಕೈಹಾಕದಿದ್ದರೂ ಒಂದು ಕೆಲಸ ಸುಸೂತ್ರ ಸಾಗುತ್ತದೆ ಎಂಬ ಮಾತು ಮಾತ್ರ ಇನ್ನೂ ಗಂಟಲಲ್ಲಿ ಇಳಿಯುತ್ತಿಲ್ಲ. ಅದಕ್ಕೇ ಇರಬೇಕು, ಹೆಂಡತಿ ನೀರು ಒಂದು ಗ್ಲಾಸು ಹೆಚ್ಚಿಗೆ ಕೊಡುತ್ತಾಳೆ.