ಶುಗರ್ ಇಳಿಸಿದವಳ ಸತ್ಕಾರ

ಪುಣೆಯ ಹಡಪಸರದಲ್ಲಿ ನಮ್ಮ ಮನೆಗೆ ಹತ್ತಿರದ ಉದ್ಯಾನದ ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಇದ್ದದ್ದು ನನ್ನ ಹೆಂಡತಿಯ ಫೋಟೋ. ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ, ಅರ್ಧ ತೆರೆದ ಬಾಯಿ. ಆ ಬಾಯಿಗೆ ಉಂಗುರ ತೊಟ್ಟ ಒಂದು ದಪ್ಪ ಕೈ ಪೇಢೆ ತುರುಕುತ್ತಿದೆ. ಮೇಲೆ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ದಪ್ಪ ಅಕ್ಷರಗಳಲ್ಲಿ ಬರೆಸಿದ್ದರು: ‘ಸಕ್ಕರೆ ಕಾಯಿಲೆಯನ್ನು ಗೆದ್ದ ನಮ್ಮ ತಾಯಿ’. ಬೆಳಿಗ್ಗೆ ಒಬ್ಬನೇ ಹಾಲು ತರಲು ಹೋದರೆ ನಾನು ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಿದ್ದೆ.

ನಾನು ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಜೀವ ಸವೆಸಿ ನಿವೃತ್ತನಾದವನು. ಅಲ್ಲಿಯ ಗಾಳಿ ಕುಡಿದ ಮೂಗಿಗೆ ಜಗತ್ತಿನ ಯಾವ ನಾತವೂ ಹೊಸದಲ್ಲ. ಅಂಥ ಮೂಗಿಗೂ ಪೇಢೆಯ ವಾಸನೆ ಈಗ ಆಗಿಬರುವುದಿಲ್ಲ. ಯಾರಾದರೂ ಡಬ್ಬಿ ಬಿಚ್ಚಿದರೆ ಎದ್ದು ಹೊರಗೆ ಹೋಗುತ್ತೇನೆ. ಮುದುಕನಿಗೆ ತಲೆ ತಿರುಗಿದೆ ಅಂದುಕೊಳ್ಳುವವರು ಅಂದುಕೊಳ್ಳಲಿ.

ನಾವು ಕಲಬುರಗಿ ಕಡೆಯವರು. ನಮ್ಮ ಓಣಿಯಲ್ಲಿ ಆ ಕಡೆಯಿಂದ ಬಂದ ಮನೆಗಳು ಸಾಕಷ್ಟಿವೆ. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ನನ್ನ ಹೆಂಡತಿಗೇ ಕರೆ ಬರುತ್ತಿತ್ತು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿ ನೀರು ಹಾಕುತ್ತಿದ್ದಳು. ಅವಳ ಕಾಲ ಮೇಲೆ ಬೆಳೆದ ಹುಡುಗರು ಈಗ ಬೈಕ್ ಓಡಿಸಿಕೊಂಡು ಅಡ್ಡಾಡುತ್ತಾರೆ. ಆಮೇಲೆ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಎದುರಿಗೆ ಬಂದವರು ಬರೀ ನೆರಳಿನ ಹಾಗೆ ಕಾಣತೊಡಗಿದರು. ಓಣಿಯವರು ಒಬ್ಬೊಬ್ಬರಾಗಿ ಕರೆಯುವುದನ್ನು ಬಿಟ್ಟರು. ಬಿಡದೆ ಇನ್ನೇನು ಮಾಡುತ್ತಾರೆ, ಕೈಯಲ್ಲಿ ಇರುವುದು ಹಸುಗೂಸು.

ಅಷ್ಟರಲ್ಲಿ ನಮ್ಮ ಮಗಳು ಚೊಚ್ಚಲ ಬಸುರಿಯಾಗಿ ಹೆರಿಗೆಗೆ ನಮ್ಮ ಮನೆಗೆ ಬರುವುದು ಗೊತ್ತಾಯಿತು. ಇವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ರಿಪೋರ್ಟ್ ನೋಡಿ, ಶುಗರ್ ಇಷ್ಟು ಇಟ್ಟುಕೊಂಡು ಬಂದರೆ ನಾನು ಕಣ್ಣು ಮುಟ್ಟುವುದಿಲ್ಲ, ಇಳಿಸಿಕೊಂಡು ಬನ್ನಿ ಅಂದುಬಿಟ್ಟರು. ದಾರಿಯಲ್ಲಿ ಇವಳು ನನ್ನ ಮೊಣಕೈ ಹಿಡಿದು ನಡೆದಳು. ಮನೆ ಬಂದ ಮೇಲೆ ಅಂದಳು.

“ಕೂಸ ಬರೋದರೊಳಗ ನನ್ನ ಕಣ್ಣ ಬರಬೇಕ್ರಿ. ನನ್ನ ಮಗಳ ಕೂಸಿಗಿ ಬ್ಯಾರೆದಾಕಿ ಯಾಕ ಎರೀಬೇಕು?”

ನಮ್ಮ ಭಾಗದ ಕನ್ನಡದವರೆಲ್ಲ ಸೇರಿ ಆರೋಗ್ಯ ಬಳಗ ಅಂತ ಒಂದು ಶುರು ಮಾಡಿದ್ದು ಆಗಲೇ. ಅಧ್ಯಕ್ಷರು ಒಬ್ಬ ಬಿಲ್ಡಿಂಗ್ ಕಂತ್ರಾಟುದಾರರು, ಹುಟ್ಟಿ ಬೆಳೆದದ್ದು ಇಲ್ಲಿಯೇ. ಫೋಟೋ, ವಾಟ್ಸಾಪ್, ಪ್ರಚಾರ ಎಲ್ಲ ನೋಡಿಕೊಳ್ಳಲು ಮೈಸೂರು ಕಡೆಯ ಒಬ್ಬ ಐಟಿ ಯುವಕ. ಬೆಳಿಗ್ಗೆ ಉದ್ಯಾನದಲ್ಲಿ ನಡಿಗೆ, ಭಾನುವಾರ ವ್ಯಾಯಾಮ, ಆಗಾಗ ಆಹಾರದ ಮೇಲೆ ಭಾಷಣ. ಎಲ್ಲರಿಗೂ ಕಿತ್ತಳೆ ಬಣ್ಣದ ಟೀ ಶರ್ಟು. ಕೇಳಲು ಚೆನ್ನಾಗಿಯೇ ಇತ್ತು, ಹೋದೆವು.

ಏನು ಬಳಗವೋ, ಏನು ಆರೋಗ್ಯವೋ. ಒಂದು ಸುತ್ತು ನಡೆಯುವುದು, ಸಾಲಾಗಿ ನಿಂತು ಹೆಬ್ಬೆರಳೆತ್ತಿ ಫೋಟೋ ತೆಗೆಸಿಕೊಳ್ಳುವುದು, ಆಮೇಲೆ ಗೇಟಿನ ಎದುರಿನ ಅಂಗಡಿಗೆ ದಾಳಿ ಇಡುವುದು. ಮಿಸಳದ ಮೇಲೆ ಕೆಂಪು ಎಣ್ಣೆ ತೇಲುತ್ತಿರುತ್ತಿತ್ತು. ಅದರೊಳಗೆ ಪಾವ್ ಅದ್ದಿ ಅದ್ದಿ ತಿನ್ನುತ್ತ, ಗಲ್ಲಕ್ಕೆ ಇಳಿದದ್ದನ್ನು ಟೀ ಶರ್ಟಿನ ತೋಳಿಗೆ ಒರೆಸಿಕೊಳ್ಳುತ್ತ, ಇವತ್ತು ಭಾಳ ನಡೆದೆವು ಅಂತ ಮಾತಾಡುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ಎಣ್ಣೆ ಪದಾರ್ಥವನ್ನು ಬಾಯಿಯಿಂದ ಹೇಗೆ ದೂರ ಇಡಬೇಕು ಅಂತ ಭಾಷಣ ಮಾಡಿದಳು. ಭಾಷಣ ಮುಗಿದ ಮೇಲೆ ದೊನ್ನೆ ತುಂಬ ಶಿರಾ ಹಂಚಿದರು. ತುಪ್ಪ ದೊನ್ನೆಯ ತಳದಿಂದ ಸೋರುತ್ತಿತ್ತು. ಭಾಷಣ ಮಾಡಿದವಳೂ ತಿಂದಳು.

ನನ್ನ ಹೆಂಡತಿ ಮಾತ್ರ ಅದನ್ನು ನಿಜ ಅಂತ ನಂಬಿ ನಡೆದಳು. ನನ್ನ ಮೊಣಕೈ ಹಿಡಿದು, ಎಲ್ಲರೂ ಅಂಗಡಿಗೆ ಹೋದ ಮೇಲೂ ಉದ್ಯಾನ ಸುತ್ತುತ್ತಿದ್ದಳು. ಅನ್ನ ಬಿಟ್ಟಳು, ಚಹಾಕ್ಕೆ ಸಕ್ಕರೆ ಬಿಟ್ಟಳು, ರೊಟ್ಟಿ ಕಡಿಮೆ ಮಾಡಿ ಪಲ್ಯ ಹೆಚ್ಚು ಮಾಡಿಕೊಂಡಳು. ಅವರು ಮಿಸಳ ತಿನ್ನುವಾಗ ಇವಳು ಡಬ್ಬಿಯಿಂದ ಸೌತೆಕಾಯಿ ತೆಗೆದು ಕಲ್ಲುಬೆಂಚಿನ ಮೇಲೆ ಕೂತು ತಿನ್ನುತ್ತಿದ್ದಳು. ಒಂದು ದಿನ ಸಂಕಟ ತಡೆಯಲಾರದೆ, ಹಬ್ಬದ ದಿನ ಒಂದು ಹೋಳಿಗೆ ತಿಂದರೆ ಏನಾಗುತ್ತದೆ ಅಂತ ನಾನೇ ಕೇಳಿದೆ. “ನಿಮಗ ಬೇಕಂದ್ರ ತಿನ್ರಿ, ನನಗ ಆಸಿ ಹಚ್ಚಬ್ಯಾಡ್ರಿ” ಅಂದಳು. ಮಗಳು ಹೊಟ್ಟೆ ಹೊತ್ತು ಮನೆಗೆ ಬರುವ ಹೊತ್ತಿಗೆ ಇವಳ ಶುಗರ್ ಇಳಿದಿತ್ತು. ಡಾಕ್ಟರು ಖುಷಿಪಟ್ಟು ಆಪರೇಶನ್ನಿಗೆ ದಿನ ಕೊಟ್ಟರು. ಹೆರಿಗೆಗೆ ಇನ್ನೂ ಸಾಕಷ್ಟು ಸಮಯವಿತ್ತು. ನಮಗೆ ಅಷ್ಟೇ ಬೇಕಾಗಿತ್ತು.

ಸುದ್ದಿ ಅಧ್ಯಕ್ಷರ ಕಿವಿಗೆ ಬಿತ್ತು. ಬಳಗಕ್ಕೆ ಸೇರಿ ನಿಜವಾಗಿ ಶುಗರ್ ಇಳಿಸಿದ ಪ್ರಾಣಿ ಅಂದರೆ ಇವಳೊಬ್ಬಳೇ. ಬಿಡುತ್ತಾರೆಯೇ? ಸತ್ಕಾರ ಸಮಾರಂಭ ಗೊತ್ತಾಯಿತು. ಅದೂ ಆಪರೇಶನ್ನಿನ ಹಿಂದಿನ ಸಂಜೆಯೇ. ನಾನು ಅವರ ಮನೆಗೇ ಹೋದೆ.

“ಆಪರೇಶನ್ ಒಂದ ಆಗ್ಲಿ, ಆಮ್ಯಾಲ ಮಾಡ್ರಿ,” ಅಂದೆ.

“ಸಾಹೇಬರು ಮತ್ತ ಸಿಗೂದಿಲ್ರಿ. ಅವರ ಟೈಮ್ ಅದೊಂದ ದಿನ ಅದ. ಕಾರ್ಡ್ ಹೋಗ್ಯಾವ,” ಅಂದರು. ಸಾಹೇಬರು ಅಂದರೆ ನಮ್ಮ ಭಾಗದ ಒಬ್ಬ ಪುಢಾರಿ.

“ಹಂಗಾರ ಸಿಹಿ ಒಂದ ಬ್ಯಾಡ್ರಿ.”

“ಛೇ ಛೇ, ಆರೋಗ್ಯ ಬಳಗದಾಗ ಸಿಹಿ ಎಲ್ಲಿದ್ರಿ? ನೀವು ಭಾಳ ಅಂಜ್ತೀರಿ ಬಿಡ್ರಿ,” ಅಂತ ಬೆನ್ನು ತಟ್ಟಿ ಕಳಿಸಿದರು.

ಸಮಾರಂಭದ ದಿನ ಪುಢಾರಿ ಸಾಹೇಬರು ತಡವಾಗಿ ಬಂದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ತಾಟಿನಲ್ಲಿ ಪೇಢೆ ರಾಶಿ ಹಾಕಿಕೊಂಡು ವೇದಿಕೆಗೆ ಬಂದರು. ಸಾಹೇಬರು ಒಂದನ್ನು ಎತ್ತಿ, “ವಹಿನೀ, ತೋಂಡ ಗೋಡ ಕರಾ” ಅಂದರು. ಅತ್ತಿಗೆ ಬಾಯಿ ಸಿಹಿ ಮಾಡಿಕೊಳ್ಳಬೇಕಂತೆ. ಇವಳಿಗೆ ಕಂಡದ್ದು ಮಸುಕಿನೊಳಗಿಂದ ಬಂದ ಒಂದು ಕೈ ಅಷ್ಟೇ. ನಮ್ಮಲ್ಲಿ ಸತ್ಕಾರದಲ್ಲಿ ಬಾಯಿ ತನಕ ತಂದದ್ದನ್ನು ಬೇಡ ಅನ್ನುವುದಿಲ್ಲ, ಮುಖ ತಿರುಗಿಸುವುದು ಕೊಟ್ಟವರ ಕೆನ್ನೆಗೆ ಹೊಡೆದ ಹಾಗೆ. ಬಾಯಿ ತೆರೆದಳು.

“ಸರ್, ಸಾರಿ, ಫ್ಲ್ಯಾಶ್ ಬರ್ಲಿಲ್ಲ. ಇನ್ನೊಂದ್ ಸಲ ತಿನ್ಸಿ ಸರ್. ಆಂಟಿ, ಸ್ವಲ್ಪ ಈ ಕಡೆ ನೋಡಿ,” ಅಂದ ಐಟಿ ಯುವಕ.

ಫೋಟೋಕ್ಕೆ ಇನ್ನೊಂದು ಪೇಢೆ. ಆಮೇಲೆ ಅಧ್ಯಕ್ಷರದ್ದು, ಅವರ ಹೆಂಡತಿಯದ್ದು, ಟೀ ಶರ್ಟು ಕೊಡಿಸಿದವರದ್ದು, ಅವರ ಪಕ್ಕದವರದ್ದು. ಸಾಲು ನಿಂತಿತ್ತು. ಒಬ್ಬೊಬ್ಬರೂ ಕ್ಯಾಮೆರಾ ಕಡೆ ಹಲ್ಲು ಕಿರಿಯುತ್ತ ಇವಳ ಬಾಯಿಗೆ ಪೇಢೆ ಒತ್ತಿದರು. ಒಬ್ಬರದ್ದು ನುಂಗುವುದರೊಳಗೆ ಇನ್ನೊಬ್ಬರ ಕೈ. ತುಟಿಯ ಅಂಚಿನಲ್ಲಿ ಖವಾ ಮೆತ್ತಿಕೊಂಡು ಗದ್ದಕ್ಕೆ ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಎರಡೂ ಕೈಯಲ್ಲಿ ತೆಂಗಿನಕಾಯಿ. ಕಸದ ಡಬ್ಬಿಗೆ ತುಂಬುವವರಾದರೂ ಡಬ್ಬಿ ತುಂಬಿತೋ ಇಲ್ಲವೋ ಅಂತ ಒಮ್ಮೆ ಬಗ್ಗಿ ನೋಡುತ್ತಾರೆ.

ನಾನು ವೇದಿಕೆ ಹತ್ತಿದೆ. “ಸಾಕ್ ಮಾಡ್ರಿ, ಮುಂಜಾನಿ ಆಕಿದು ಆಪರೇಶನ್ ಅದ” ಅಂತ ಕೂಗುತ್ತಿದ್ದೆ. ಸಾಹೇಬರಿಗೆ ಕನ್ನಡ ತಿಳಿಯದು. ಯಜಮಾನರಿಗೂ ಬೇಕಾಗಿದೆ ಅಂದುಕೊಂಡು ನಗುತ್ತ ನನ್ನ ಬಾಯಿಗೂ ಒಂದು ಹಾಕಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅವರ ಬೆರಳು ನನ್ನ ಹಲ್ಲಿಗೆ ತಾಗಿತ್ತು, ಅದರಲ್ಲಿ ಅತ್ತರಿನ ವಾಸನೆ. ಕರವಸ್ತ್ರಕ್ಕೆ ಉಗುಳಿದೆ. “ಖುಷೀಲೆ ತಿಂದದ್ದು ಏನೂ ಮಾಡೂದಿಲ್ರಿ,” ಅಂದರು ಅಧ್ಯಕ್ಷರು.

ಮನೆಗೆ ಬಂದು ಇವಳು ಬಚ್ಚಲಲ್ಲಿ ನಿಂತು ಬಾಯಿ ಮುಕ್ಕಳಿಸಿದಳು, ಮತ್ತೆ ಮತ್ತೆ ಮುಕ್ಕಳಿಸಿದಳು. ಹೊಟ್ಟೆಯೊಳಗೆ ಹೋದದ್ದು ಬಾಯಿ ಮುಕ್ಕಳಿಸಿದರೆ ಬರುತ್ತದೆಯೇ? ನಾನು ಗದರಿದೆ.

“ಬ್ಯಾಡ ಅನ್ಲಿಕ್ಕಿ ಏನಾಗಿತ್ತ ನಿನಗ?”

“ಯಾರ ಕೈ ಅಂತ ಕಾಣವಲ್ದಲ್ರಿ. ಹಿರೇರದಿದ್ರ ಹ್ಯಾಂಗ ಮಾಡ್ಲಿ?” ಅಂದಳು. ಊಟ ಮಾಡಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಹಸಿರು ಗೌನು ಹಾಕಿಸಿ, ಕಣ್ಣಿಗೆ ಹನಿ ಬಿಟ್ಟು, ಕಡೆಗೆ ಬೆರಳು ಚುಚ್ಚಿ ನೋಡಿದರು. ನರ್ಸ್ ಮತ್ತೊಮ್ಮೆ ಚುಚ್ಚಿದಳು. ಡಾಕ್ಟರೇ ಹೊರಗೆ ಬಂದು ಇವತ್ತು ಆಗುವುದಿಲ್ಲ ಅಂದರು. ನಿನ್ನೆ ಏನು ತಿಂದಿರಿ ಅಂತ ಮರಾಠಿಯಲ್ಲಿ ಕೇಳಿದರು. “ಸತ್ಕಾರ ಹೋತಾ,” ಅಂದಳು ಇವಳು, ಸತ್ಕಾರ ಇತ್ತು ಅಂತ. ಡಾಕ್ಟರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಶುಗರ್ ಸರಿಹೋದ ಮೇಲೆ, ಮುಂದಿನ ತಿಂಗಳು ನೋಡೋಣ ಅಂದು ಒಳಗೆ ಹೋದರು. ಗೌನು ಬಿಚ್ಚಿ ಸೀರೆ ಉಡುವಾಗ ಇವಳಿಗೆ ನಿರಿಗೆ ಕೂಡಲಿಲ್ಲ. ನರ್ಸ್ ಉಡಿಸಿದಳು.

ಇವಳನ್ನು ಮನೆಗೆ ಬಿಟ್ಟು, ನನ್ನ ಟೀ ಶರ್ಟು ಹಿಡಿದುಕೊಂಡು ನೇರ ಮಿಸಳದ ಅಂಗಡಿಗೆ ಹೋದೆ. ಅಧ್ಯಕ್ಷರು ತಿನ್ನುತ್ತಿದ್ದರು. ಸುದ್ದಿ ಕೇಳಿ ಪಾವಿನ ತುಂಡು ಬಾಯಲ್ಲಿಟ್ಟುಕೊಂಡೇ, “ಹೋಗ್ಲಿ ಬಿಡ್ರಿ, ವೈನಿಯವರು ಮತ್ತ ಇಳಸ್ತಾರ. ಮತ್ತೊಮ್ಮೆ ದೊಡ್ಡ ಸತ್ಕಾರ ಮಾಡೋಣು,” ಅಂದರು.

“ನಿಮ್ಮ ಸತ್ಕಾರಕ್ಕ ಬೆಂಕಿ ಹಚ್ಚ,” ಅಂದೆ. “ಕಣ್ಣ ಕಾಣದಾಕಿ ಬಾಯಾಗ ಮಣ್ಣ ಹಾಕಿದ್ರಿ. ನಿಮಗ ನಾಚಿಕಿ ಆಗಬೇಕು.” ಕಿತ್ತಳೆ ಟೀ ಶರ್ಟನ್ನು ಅವರ ಮೇಜಿನ ಮೇಲೆ ಎಸೆದು ಬಂದೆ. ವಾರದೊಳಗೆ ಗೇಟಿಗೆ ಆ ಫ್ಲೆಕ್ಸ್ ಬಂತು.

ಮಗಳಿಗೆ ದಿನ ತುಂಬುವ ಮೊದಲೇ ನೋವು ಬಂತು. ಹೆಣ್ಣು ಕೂಸು. ಇವಳು ಅದರ ಮುಖವನ್ನು ಕೈಯಿಂದ ಸವರಿ ನೋಡಿದಳು. ಬೀಗರು ಪೇಢೆ ಡಬ್ಬಿ ತೆರೆದು ಇವಳ ಬಾಯಿ ಹತ್ತಿರ ತಂದಾಗ, ಆ ವಾಸನೆಗೇ ತುಟಿ ಬಿಗಿದು ಮುಖ ಗೋಡೆಗೆ ತಿರುಗಿಸಿದಳು. ಬೀಗರು ಮುನಿಸಿಕೊಂಡರು. ಮುನಿಸಿಕೊಳ್ಳಲಿ, ನನಗೆ ಅವರನ್ನು ಸಮಾಧಾನ ಮಾಡುವ ಮನಸ್ಸೇ ಆಗಲಿಲ್ಲ.

ನಾವು ನಡೆಯುವುದನ್ನು ಬಿಟ್ಟಿರಲಿಲ್ಲ. ಶುಗರ್ ಮತ್ತೆ ಇಳಿಯಬೇಕಲ್ಲ. ಇವಳ ಜೊತೆಗಿದ್ದಾಗ ಆ ಗೇಟಿನಿಂದಲೇ ಹೋಗಬೇಕು. ಒಂದು ಬೆಳಿಗ್ಗೆ ಗಾಳಿಗೆ ಫ್ಲೆಕ್ಸ್ ಪಟಪಟ ಬಡಿದುಕೊಳ್ಳುತ್ತಿತ್ತು. ಇವಳು ನಿಂತು ಮೇಲೆ ನೋಡಿದಳು.

“ಏನೋ ಕಟ್ಟ್ಯಾರಲ್ರಿ. ಯಾರದದು?”

“ಯಾವನೋ ಲೀಡರಂದು. ಹುಟ್ಟಿದ ಹಬ್ಬ ಅಂತ,” ಅಂದೆ. ಪುಣೆಯಲ್ಲಿ ಅದು ಯಾರಾದರೂ ನಂಬುವ ಮಾತು, ಓಣಿಗೊಂದು ಅಂಥ ಫ್ಲೆಕ್ಸ್ ಇರುತ್ತದೆ.

ಕೂಸಿಗೆ ಎರೆಯಲು ಒಬ್ಬ ಮರಾಠಿ ಹೆಂಗಸನ್ನು ಗೊತ್ತು ಮಾಡಿದೆವು. ಅವಳು ಬಂದ ಮೊದಲ ದಿನ ಮಗಳು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಇವಳು ಹೊರಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಒಳಗೆ ನೀರಿನ ಸಪ್ಪಳವಾಯಿತು, ಕೂಸು ಚೀರಿತು. ಇವಳು ಸೀರೆ ಮೊಣಕಾಲ ಮೇಲಕ್ಕೆ ಸರಿಸಿ ಎರಡೂ ಕಾಲು ಉದ್ದಕ್ಕೆ ನೀಡಿದಳು.

“ಕಣ್ಣಾಗ ನೀರ ಹೋಗ್ಲತ್ತದ್ರಿ, ಅದಕ್ಕ ಅಳ್ಲತ್ತದ. ಹಣಿಗಿ ಕೈ ಅಡ್ಡ ಹಿಡಿ ಅಂತ ಆಕಿಗಿ ಹೇಳ್ರಿ,” ಅಂದಳು.

ನಾನು ಎದ್ದು ಹೋಗಿ ಹೇಳಿದೆ. ಆ ಹೆಂಗಸಿಗೆ ಕನ್ನಡ ಬಾರದು, ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದೆ. ತಿರುಗಿ ಬಂದು ನೋಡಿದರೆ, ಇವಳು ಬರಿಗಾಲುಗಳ ಮೇಲೆ, ಕೂಸಿನ ಹಣೆ ಇರಬೇಕಾದ ಜಾಗದಲ್ಲಿ, ತನ್ನ ಕೈಯನ್ನು ಅಡ್ಡ ಹಿಡಿದುಕೊಂಡು ಕೂತಿದ್ದಳು.